ಶಾಮಲಮ್ಮನ ಸೀಸೆ, ಸಿಪ್ಪೆ ಸುಲಿಯದ ಕಣ

ಬೆಳಕು ಹರಿಯುವ ಹೊತ್ತು. ಕೋಲಾರದ ಟೊಮ್ಯಾಟೊ ಮಂಡಿಗೆ ಹೋಗುವ ಲಾರಿಗಳ ಸದ್ದಿಗೆ ಪ್ರಯೋಗಾಲಯದ ಕಿಟಕಿ ಗಾಜು ಸಣ್ಣಗೆ ನಡುಗುತ್ತಿದೆ. ಒಳಗೆ ಶಾಮಲಮ್ಮ ಓವನ್ನಿನ ಬಾಗಿಲಿಗೆ ಅಂಗೈ ಒಡ್ಡಿ ನಿಂತಿದ್ದಾರೆ, ಮುಟ್ಟದೆ. ರಾತ್ರಿಯೆಲ್ಲ ಕಾದ ಗಾಜಿನ ಸೀಸೆಗಳು ಒಳಗೆ ಆರುತ್ತಿವೆ. "ಈಗ್ಲೇ ತೆಗೆದ್ರೆ ಚಟ್ ಅಂತ ಬಿರುಕು ಬಿಡ್ತವೆ. ಇನ್ನೊಂದ್ ಚೂರು ಇರ್ಲಿ ಬುಡಿ, ಕೂತ್ಕಳಿ" ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಸ್ಟೂಲು ತೋರಿಸುತ್ತಾರೆ. ಕೂರುತ್ತೇನೆ. ಈ ಕೋಣೆಯಲ್ಲಿ ಅವರ ಮಾತೇ ನಡೆಯುವುದು.

ಶಾಮಲಮ್ಮನ ಊರು ಮಾಸ್ತಿಯ ಹತ್ತಿರ. ಅಲ್ಲಿ ಹಾಲಿನ ಡೈರಿಯಲ್ಲಿ ಕ್ಯಾನು ತೊಳೆಯುತ್ತಿದ್ದರು. ಮಗಳ ಓದಿಗೆಂದು ಕೋಲಾರಕ್ಕೆ ಬಂದು, ಈ ಖಾಸಗಿ ಪ್ರಯೋಗಾಲಯದಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದರು. ದಿನಕ್ಕೆ ಇನ್ನೂರು, ಮುನ್ನೂರು ಸೀಸೆ. ಕೆಲಸ ಕಾಂಟ್ರಾಕ್ಟಿನದು, ವರ್ಷವರ್ಷವೂ ಮುಂದುವರಿಯಬೇಕು. "ಆಗ ಹಾಲು ಒಡೀದಂಗೆ ತೊಳೀತಿದ್ದೆ. ಈಗ್ಲೂ ಅದೇ ಕೆಲ್ಸ, ಒಡೆಯೋದು ಬೇರೆ ಏನೋ ಅಷ್ಟೆ" ಎಂದು ನಗುತ್ತಾರೆ.

ಆ 'ಬೇರೆ ಏನೋ' ಏನೆಂದು ತಿಳಿಯುವ ಚಪಲ ನನಗೆ. ಪ್ರಯೋಗಾಲಯದ ಮುಖ್ಯಸ್ಥೆ ಮೃದುಲಾ ಅವರನ್ನು ಹಿಡಿದು ಕೂರಿಸಿದೆ. ಅವರು ಹೇಳಿದ್ದು ಇಷ್ಟು. ಕೆಲವು ಕ್ಯಾನ್ಸರ್ ಗಡ್ಡೆಗಳ ಜೀವಕಣಗಳ ಮೈಮೇಲೆ ಸಕ್ಕರೆ ಅಂಟಿಸಿಕೊಂಡ ಪ್ರೋಟೀನ್ ಇರುತ್ತದೆ. ಆರೋಗ್ಯವಂತ ಕಣದಲ್ಲಿ ಆ ಸಕ್ಕರೆಯ ಸರ ಉದ್ದ, ಗಡ್ಡೆಯಲ್ಲಿ ಮೊಟಕು. ನಮ್ಮ ರಕ್ತದಿಂದ ಬೆಳೆಸಬಹುದಾದ ಡೆಂಡ್ರಿಟಿಕ್ ಕಣಗಳೆಂಬ ಕಾವಲುಗಾರರು ಈ ಪ್ರೋಟೀನನ್ನು ನುಂಗಿ, ಒಳಗೇ ಕತ್ತರಿಸಿ, ಒಂದೊಂದು ತುಂಡನ್ನು ಮೈಮೇಲೆ ಎತ್ತಿ ಹಿಡಿಯುತ್ತಾರೆ. ದಾಳಿಗೆ ಹೊರಡುವ ಟಿ ಕಣಗಳು ಅದನ್ನು ನೋಡಿ ಶತ್ರುವಿನ ಗುರುತು ಕಲಿಯುತ್ತವೆ.

"ಹಾಗಾದರೆ ಕತ್ತರಿಸುವಾಗ ಸಕ್ಕರೆ ಉದುರಿ ಹೋಗುತ್ತದಾ?" ಎಂದೆ. ಮೃದುಲಾ ಕಣ್ಣರಳಿಸಿದರು. ಎಲ್ಲ ಇರುವುದೂ ಆ ಪ್ರಶ್ನೆಯಲ್ಲೇ ಅಂತೆ. ನಮ್ಮ ಕಡೆ ಅವರೆಕಾಯಿ ಕಾಲದಲ್ಲಿ ಕಾಳು ನೆನೆಸಿ, ಸಿಪ್ಪೆ ಹಿತಕಿ, ಬೇಳೆ ಮಾತ್ರ ಸಾರಿಗೆ ಹಾಕುತ್ತೇವಲ್ಲ, ಕಣವೂ ಹಾಗೇ ಮಾಡುತ್ತದೆಂದು ಅಂದುಕೊಳ್ಳುವುದು ಸುಲಭ. ಆದರೆ ಮೊಟಕು ಸಕ್ಕರೆಯನ್ನು ಕಣ ಹಿತಕುವುದಿಲ್ಲ. ಸಕ್ಕರೆ ಕೂತ ಜಾಗದ ಪಕ್ಕದಲ್ಲಿ ಕತ್ತರಿಯೂ ಆಡುವುದು ಕಷ್ಟ. ಸಿಪ್ಪೆ ಸಮೇತವೇ ತುಂಡು ಮೇಲೆ ಬರುತ್ತದೆ. ಕ್ಯಾನ್ಸರಿಗೆ ಲಸಿಕೆ ಮಾಡುವವರು ಬರೀ ಬೇಳೆ ತೋರಿಸಿದರೆ ಟಿ ಕಣ ಕಲಿಯುವ ಮುಖವೇ ಬೇರೆಯಾದೀತು. ಎಂಥ ಸಕ್ಕರೆ ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬುದೇ ಇವರ ಹುಡುಕಾಟ.

ಕಳೆದ ಚಳಿಗಾಲ ಈ ಹುಡುಕಾಟ ನಿಂತೇ ಹೋಗಿತ್ತು. ಪ್ರೋಟೀನ್ ಕೊಟ್ಟರೂ ಕಣಗಳು ನುಂಗಲಿಲ್ಲ. ಸೀಸೆಯಲ್ಲಿ ಸತ್ತ ಬ್ಯಾಕ್ಟೀರಿಯಾದ ಒಂದಿಷ್ಟು ಶೇಷವಿದ್ದರೆ ಸಾಕು, ಶತ್ರು ಬಂದೇಬಿಟ್ಟ ಎಂದು ಕಾವಲುಗಾರ ತಿನ್ನುವುದನ್ನು ನಿಲ್ಲಿಸಿಬಿಡುತ್ತಾನೆ. ಪರೀಕ್ಷೆ ಮಾಡಿದರೆ ಸೀಸೆಗಳಲ್ಲಿ ಆ ಶೇಷ ಸಿಕ್ಕಿತು. ಎಲ್ಲರ ಕಣ್ಣೂ ತೊಳೆಯುವವರ ಕಡೆ ತಿರುಗಿತು. ಮುಂದಿನ ಸಲ ಕಾಂಟ್ರಾಕ್ಟು ಇರುವುದಿಲ್ಲ ಎಂದು ಆಫೀಸಿನವರು ಶಾಮಲಮ್ಮನಿಗೆ ಹೇಳಿಯೂ ಆಯಿತು.

"ಎಷ್ಟ್ ಉಜ್ಜಿದ್ರೂ ಅದೇ ಮಾತು. ಕೆಲ್ಸ ಹೋದ್ರೆ ಇನ್ನೊಂದ್ ಸಿಕ್ತದೆ ಸಾರ್. ಗಲೀಜಾಗ್ ತೊಳೀತಾಳೆ ಅಂತ ಹೆಸ್ರು ಬಂದ್ರೆ ಅದನ್ನ ಎಲ್ ತೊಳ್ಕೊಳ್ಲಿ?" ಎನ್ನುತ್ತಾ ಶಾಮಲಮ್ಮ ಓವನ್ನಿನ ಬಾಗಿಲಿಗೆ ಮತ್ತೆ ಅಂಗೈ ಒಡ್ಡುತ್ತಾರೆ.

ಗುಟ್ಟು ಬಿಡಿಸಿದವರು ಅಂಬಾಬಾಯಿ. ಸೀಸೆಗಳಿಗೆ ಕಣಗಳ ಆಹಾರದ ದ್ರವ ತುಂಬುವ ಹಿರಿಯ ಟೆಕ್ನಿಷಿಯನ್, ಮುಳಬಾಗಿಲಿನ ಹಳೇ ಮನೆತನದವರು. ಒಂದು ಬೆಳಿಗ್ಗೆ ಮನೆಯಲ್ಲಿ, ಕೆಲಸದಾಕೆ ತೊಳೆದಿಟ್ಟ ಪಾತ್ರೆಗೆ ಚೊಂಬಿನಿಂದ ನೀರು ಹಾಕುತ್ತಿದ್ದವರು ಹಾಗೇ ನಿಂತುಬಿಟ್ಟರಂತೆ. "ನಮ್ಮಲ್ಲಿ ಬೇರೆಯವರು ತೊಳೆದದ್ದಕ್ಕೆ ಇನ್ನೊಂದು ಸಲ ನೀರು ಹಾಕಿಯೇ ಒಳಗೆ ತಗೊಳ್ಳೋದು. ಅಮ್ಮ ಹಾಗೇ ಮಾಡ್ತಿದ್ರು. ಲ್ಯಾಬಲ್ಲೂ ಶಾಮಲಮ್ಮ ಇಟ್ಟ ಸೀಸೆ ತಗೊಂಡ ತಕ್ಷಣ ನನ್ನ ಕೈ ಸಿಂಕಿನ ಕಡೆ ಹೋಗ್ತಿತ್ತು. ಅದು ನನಗೇ ಗೊತ್ತಿರಲಿಲ್ಲ."

ಮೊದಲೆಲ್ಲ ಅದು ಯಂತ್ರದಿಂದ ಆಗತಾನೇ ಇಳಿದ ಶುದ್ಧ ನೀರು. ಆ ಚಳಿಗಾಲ ಯಂತ್ರ ಕೆಟ್ಟು, ಕ್ಯಾನಿನಲ್ಲಿ ದಿನಗಟ್ಟಲೆ ಕೂತು ಬ್ಯಾಕ್ಟೀರಿಯಾ ಬೆಳೆದ ನೀರಾಯಿತು. ಓವನ್ನಿನ ಸುಡುಬಿಸಿಯಲ್ಲಿ ಶಾಮಲಮ್ಮ ಕಳೆದಿದ್ದ ಶೇಷವನ್ನು ಆ ಒಂದು ಗುಟುಕು ನೀರು ವಾಪಸು ತಂದಿತು. ಅಂಬಾಬಾಯಿ ಅಂದೇ ಬಂದು, ಶಾಮಲಮ್ಮನ ಎದುರಿಗೇ ಮೃದುಲಾ ಅವರಿಗೆ ಎಲ್ಲ ಹೇಳಿದರು. ಕೇಳುತ್ತಾ ನನಗೆ ಸಿಟ್ಟೂ ಬಂತು, ಆ ಹೆಂಗಸಿನ ಧೈರ್ಯ ಮೆಚ್ಚುಗೆಯೂ ಆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರು ಕೇಳುತ್ತಿದ್ದರು?

ಸಿಂಕಿನ ಆ ನೀರು ಹಾಕುವುದು ನಿಂತ ಮೇಲೆ ಕಣಗಳು ತಿಂದವು, ಸಕ್ಕರೆ ಸಮೇತ ತುಂಡುಗಳನ್ನು ಎತ್ತಿಯೂ ಹಿಡಿದವು. ಕಾಂಟ್ರಾಕ್ಟು ಮುಂದುವರಿಯಿತು. ಮೃದುಲಾ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ಶಾಮಲಮ್ಮನಿಗೆ ಕಣ ತೋರಿಸಿದ್ದಾರೆ. "ಬೇರು ಬಿಟ್ಟ ಗೆಣಸಿನಂಗಿತ್ತು. ಸಕ್ಕರೆ ಮಾತ್ರ ನಂಗ್ ಕಾಣ್ಲಿಲ್ಲ. ಅದು ಅದ್ರಲ್ಲಿ ಕಾಣಲ್ವಂತೆ" ಎಂದು ಕೈ ತಿರುಗಿಸುತ್ತಾರೆ.

ಓವನ್ ಆರಿದೆ. ಅಂಬಾಬಾಯಿ ಬಂದು "ಕೊಡಿ ಶಾಮಲಮ್ಮ" ಎಂದು ಎರಡೂ ಕೈ ಚಾಚಿ ಟ್ರೇ ತೆಗೆದುಕೊಂಡು ಹೊರಡುತ್ತಾರೆ. ಶಾಮಲಮ್ಮ ಅಲುಗಾಡದೆ ಅವರ ಬೆನ್ನನ್ನೇ ನೋಡುತ್ತಿದ್ದಾರೆ. ಅಂಬಾಬಾಯಿ ಸಿಂಕು ದಾಟಿ, ಒಳಗಿನ ಬಾಗಿಲು ತಳ್ಳಿ ಹೋದ ಮೇಲೆ ಉಸಿರು ಬಿಟ್ಟು ನನ್ನ ಕಡೆ ತಿರುಗುತ್ತಾರೆ.

ಇನ್ನೇನು ಆಸೆ ಇದೆ ಎಂದು ಕೇಳಿದೆ.

"ದಿನಾ ಹಿಂಗೇ ನೋಡ್ತೀನಿ ಸಾರ್. ನಾನ್ ಕೊಟ್ಟಿದ್ದು ನಾನ್ ಕೊಟ್ಟಂಗೇ ಒಳೀಕ್ ಹೋಗ್ಬೇಕು. ಅಷ್ಟೇಯ."