ಮಗಳ ಕೆನ್ನೆಗೆ ಎರಡು ಲೇಸರ್

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಕಾಲೇಜು ಸೇರಿದ್ದ ಮಗಳು ಕೆನ್ನೆಯ ಕಂದು ಮಚ್ಚೆ ತೆಗೆಸಲು ಹಟ ಹಿಡಿದಳು. ಬಸವನಗುಡಿಯ ಡಾಕ್ಟರಮ್ಮ ಪರೀಕ್ಷಿಸಿ, ಅಪಾಯದ ಮಚ್ಚೆಯಲ್ಲ ಎಂದರು. ಅವರಲ್ಲಿ ಎರಡು ಬಗೆಯ ಲೇಸರ್ ಇದ್ದವು. ಒಂದಕ್ಕೆ ಎರಡೇ ಸಿಟ್ಟಿಂಗ್, ಆದರೆ ಕಲೆ ಉಳಿಯಬಹುದು, ಇನ್ನೊಂದಕ್ಕೆ ಆರು.

"ಆರನ್ನ ನಾಲ್ಕು ಮಾಡ್ಕೊಡಿ ಮೇಡಂ," ಎಂದೆ. ಅವೆನ್ಯೂ ರಸ್ತೆಯಲ್ಲಿ ವ್ಯಾಪಾರ ಕಲಿತ ನಾಲಿಗೆ.

"ಅಪ್ಪಾ, ಇದು ನನ್ ಮುಖ!" ಮಗಳು ನನ್ನ ಕಾಲು ತುಳಿದಳು.

"ಹಾಗಾದ್ರೆ ಮೊದ್ಲು ಸ್ಯಾಂಪಲ್ ತೋರ್ಸಿ," ಎಂದೆ ಡಾಕ್ಟರಮ್ಮನಿಗೆ.

ಡಾಕ್ಟರಮ್ಮ ನಕ್ಕರು. "ಅದು ಸರಿಯಾದ ಮಾತು. ಮಚ್ಚೆ ಅಂಚಲ್ಲಿ ಎರಡರಿಂದ್ಲೂ ಒಂದೊಂದು ಚುಕ್ಕೆಯಷ್ಟು ಮಾಡಿ ನೋಡೋಣ."

ಎರಡು ತಿಂಗಳಲ್ಲಿ ಬೇಗ ಮುಗಿಯುವ ಲೇಸರಿನ ಚುಕ್ಕೆ ಕಪ್ಪಾಗಿತ್ತು, ನಿಧಾನದ್ದು ತಿಳಿಯಾಗಿತ್ತು. ನೀವೂ ಸಂಕೋಚಪಡದೆ ಸ್ಯಾಂಪಲ್ ಕೇಳಿ. ಮಗಳು ಆರೂ ಸಿಟ್ಟಿಂಗ್ ಮುಗಿಸಿದಳು. ನನ್ನನ್ನು ಮಾತ್ರ ಮತ್ತೆ ಡಾಕ್ಟರಮ್ಮನ ಕೋಣೆಯೊಳಗೆ ಬಿಡಲಿಲ್ಲ.