ಪ್ರಿಪೋನ್‌ಗೆ ಸೊನ್ನೆ

ನನಗೆ ಬರೆದು ಅಭ್ಯಾಸವಿಲ್ಲ, ಹೇಳುವುದು ಹಿಂದೆಮುಂದೆ ಆದರೆ ಕ್ಷಮಿಸಿ. ಶಿವಾಜಿನಗರದ ಬಟ್ಟೆ ಅಂಗಡಿಯೊಂದರ ಮೇಲೆ, ಅಂದರೆ ಮೇಲಿನ ಮಹಡಿಯ ಖಾಸಗಿ ಸಂಸ್ಥೆಯಲ್ಲಿ, ನಾನು ಸ್ಪೋಕನ್ ಇಂಗ್ಲಿಷ್ ಕಲಿಸುತ್ತೇನೆ. ಮೊನ್ನೆ ಪರೀಕ್ಷೆ ಮಾಡಲು ಹೊರಗಿನಿಂದ ಪರೀಕ್ಷಕರೊಬ್ಬರು ಬಂದಿದ್ದರು. ನನ್ನ ವಿದ್ಯಾರ್ಥಿನಿ ಮುಬೀನಾ ದೊಮ್ಮಲೂರಿನ ಹಲ್ಲಿನ ಆಸ್ಪತ್ರೆಯೊಂದರಲ್ಲಿ ರಿಸೆಪ್ಶನಿಸ್ಟ್. ಈ ಪರೀಕ್ಷೆಯಲ್ಲಿ ಪಾಸಾದರೆ ಅವಳ ಕೆಲಸ ಕಾಯಂ ಆಗುತ್ತದೆ.

ನಾಲ್ಕು ಗಂಟೆಗೆ ಬರಬೇಕಾದವರನ್ನು ಮೂರಕ್ಕೇ ಕರೆಯುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತೀರಿ ಎಂದು ಪರೀಕ್ಷಕರು ಕೇಳಿದರು. ಮುಬೀನಾ “ಪ್ರಿಪೋನ್” ಅಂದಳು. ಅವರು ಸೊನ್ನೆ ಹಾಕಿದರು.

“ಇಂಗ್ಲೆಂಡಲ್ಲಿ ಯಾರೂ ಹೀಗನ್ನಲ್ಲಮ್ಮ.”

“ನಮ್ ಪೇಶೆಂಟ್‌ಗಳು ಹಲಸೂರಿಂದ ಬರ್ತಾರೆ ಸಾರ್. ಪ್ರಿಪೋನ್ ಅಂದ್ರೆ ಎಲ್ರೂ ಕರೆಕ್ಟಾಗಿ ಮೂರಕ್ಕೇ ಬರ್ತಾರೆ.”

ಪಕ್ಕದಲ್ಲೇ ಕೂತಿದ್ದ ನಾನು ಆ ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. “ಕಲಿಸಿದ್ದು ನಾನು. ಈ ಅಂಕ ಬದಲಾಯಿಸಲ್ಲ” ಅಂದೆ. ಅವರು ಸಂಸ್ಥೆಯ ಮಾಲೀಕರಿಗೆ ದೂರು ಕೊಟ್ಟರು. ನಾಳೆ ನನ್ನ ವಿಚಾರಣೆ. ಅಲ್ಲಿ ಹೇಳಬೇಕಾದ್ದನ್ನು ಈಗಲೇ ಬರೆದಿಡುತ್ತೇನೆ.

ಪೋಸ್ಟ್‌ಪೋನ್ ಲ್ಯಾಟಿನ್ ಮೂಲದ್ದು. ‘ಪೋಸ್ಟ್’ ಅಂದರೆ ಆಮೇಲೆ, ‘ಪೋನ್’ ಅಂದರೆ ಇಡುವುದು. ಎರಡೂ ಸೇರಿದರೆ ಮುಂದೂಡುವುದು. ಅದೇ ಅಚ್ಚಿನಲ್ಲಿ ನಮ್ಮ ದೇಶದವರು ಪ್ರಿಪೋನ್ ಎರಕ ಹೊಯ್ದರು, ಅಂದರೆ ಗೊತ್ತುಮಾಡಿದ ಹೊತ್ತಿಗಿಂತ ಮೊದಲೇ ಇಡುವುದು. ಈಗ ಅದು ದೊಡ್ಡ ನಿಘಂಟುಗಳಲ್ಲೂ ಇದೆ. ಇಲ್ಲದಿದ್ದರೂ ನಾನು ಬಿಡುತ್ತಿರಲಿಲ್ಲ, ಏಕೆಂದರೆ—

ಕೆಳಗಿಂದ ಮಾಲೀಕರು ಕೂಗುತ್ತಿದ್ದಾರೆ: “ಮೇಷ್ಟ್ರೇ, ನಾಳೆ ಮೀಟಿಂಗು ಇವತ್ತಿಗೇ ಪ್ರಿಪೋನ್ ಆಗಿದೆ! ಬೇಗ ಬನ್ರೀ!”