ತುಟಿಯ ಮೇಲಿನ ಗುಟ್ಟು

ಹಗಲುಗನಸು ಕಾಣಲು ರುತುಜಾಳಿಗೆ ಹಾಸಿಗೆ ಬೇಕಿರಲಿಲ್ಲ. ಇಚಲಕರಂಜಿಯಲ್ಲಿ ಅವರ ಮನೆಗೆ ಅಂಟಿಕೊಂಡೇ ಅಪ್ಪನ ಮಗ್ಗದ ಶೆಡ್ಡು. ಹುಟ್ಟಿದಾಗಿನಿಂದ ಆ ಖಟಪಟದೊಳಗೇ ಮಲಗಿ ಎದ್ದವಳು. ಸದ್ದು ಒಂದು ಲಯಕ್ಕೆ ಬಿದ್ದರೆ ಸಾಕು, ಕಣ್ಣ ಮುಂದೆ ಒಂದು ತರಗತಿ ತೆರೆದುಕೊಳ್ಳುತ್ತಿತ್ತು. ಕಿಟಕಿಯ ಬಿಸಿಲು, ಬಿಸಿಲಿನಲ್ಲಿ ತೇಲುವ ಹತ್ತಿಯ ಎಳೆ, ಅವಳ ಕಡೆಗೇ ಮುಖ ಎತ್ತಿ ಕೂತ ಮಕ್ಕಳು. ಆ ಕನಸಿನಲ್ಲಿ ಅವಳು ಪಾಠವನ್ನೇನೂ ಹೇಳುತ್ತಿರಲಿಲ್ಲ. ಮಕ್ಕಳು ಅವಳನ್ನು ಪ್ರೀತಿಸುತ್ತಿದ್ದರು, ಅಷ್ಟೇ. ಕನಸಿಗೆ ಅಷ್ಟು ಸಾಕು, ನೌಕರಿಗೆ ಸಾಲದು.

ಮಗ್ಗದ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಆ ಓಣಿಯವರು ದನಿ ತೆಗೆಯದೆ ಬರೀ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಜಗಳ, ಅಡಿಗೆ, ಮದುವೆಯ ಮಾತುಕತೆ ಎಲ್ಲ ಹಾಗೇ ನಡೆಯುತ್ತದೆ.

ಕೊಲ್ಹಾಪುರದ ಕಾಲೇಜಿನಲ್ಲಿ ಡಿ.ಎಡ್. ಓದುವಾಗ ಶಿಕ್ಷಕರ ನಡತೆಯ ಪಾಠವನ್ನು ರುತುಜಾ ಅರೆದು ಕುಡಿದಿದ್ದಳು. ಸೆರಗಿಗೆ ಪಿನ್ನು ಹಾಕಬೇಕು, ಗಂಟೆಗೆ ಮೊದಲೇ ಬರಬೇಕು, ಮಗುವಿನ ಮೇಲೆ ಕೈ ಎತ್ತಬಾರದು, ಮಗು ನಂಬಿ ಹೇಳಿದ್ದನ್ನು ಹೊರಗೆ ಆಡಬಾರದು. ಪರೀಕ್ಷೆಯಲ್ಲಿ ಇದನ್ನೆಲ್ಲ ದುಂಡಗೆ ಬರೆದು ಬಂದಳು. ಬಾಯಿಪಾಠವೇನು, ಗಿಳಿಯೂ ಒಪ್ಪಿಸೀತು.

ತರಬೇತಿಗೆ ಅವಳದೇ ಊರಿನ ಕನ್ನಡ ಶಾಲೆ ಸಿಕ್ಕಿತು. ಜೊತೆಗೆ ತರಬೇತಿಗೆ ಬಂದವಳು ಅದೇ ಓಣಿಯ ಗೆಳತಿ ಹರ್ಷದಾ. ಇವರು ಬಂದ ವಾರದಲ್ಲೇ ನಾಲ್ಕನೆಯ ತರಗತಿಯ ಹುಡುಗಿ ಸಾಯಲಿ ರುತುಜಾಳ ಸೆರಗು ಹಿಡಿದಳು. ಅಲ್ಲಿನ ಮಕ್ಕಳಿಗೆ ಟೀಚರೆಂದರೆ ಬಾಯಾರು; ಬಾಯಾರು ಎಲ್ಲೋ ಸಾಯಲಿ ಅಲ್ಲಿ. ಕನಸಿಗೇ ಕಾಲು ಬಂದು ಪಕ್ಕದಲ್ಲಿ ನಡೆಯುತ್ತಿದೆಯೆಂದು ರುತುಜಾ ಹಿಗ್ಗಿದಳು.

ಆಗ ಗಡಹಿಂಗ್ಲಜದಲ್ಲಿ ಮಕ್ಕಳ ಶಿಬಿರ ಬಂತು. ರಾತ್ರಿ ಅಲ್ಲೇ ವಸತಿ. ಎಲ್ಲರೂ ಹೆಸರು ಕೊಟ್ಟರು, ಸಾಯಲಿ ಮಾತ್ರ ಅಳುತ್ತ ಒಲ್ಲೆನೆಂದಳು. ಯಾಕೆಂದು ಕೇಳಿದರೆ ರುತುಜಾಳ ಕಿವಿಗೆ ಬಾಯಿ ಹಚ್ಚಿದಳು.

"ಹಾಸಿಗ್ಯಾಗ ಉಚ್ಚಿ ಹೋಗ್ತೈತ್ರಿ ಬಾಯಾರ. ನಮ್ಮವ್ವಗಷ್ಟ ಗೊತ್ತೈತಿ. ಯಾರಿಗೂ ಹೇಳಬ್ಯಾಡ್ರಿ."

"ದೇವರಾಣಿ, ಹೇಳೂದಿಲ್ಲ," ಎಂದಳು ರುತುಜಾ.

ಊಟದ ಬಿಡುವಿನಲ್ಲಿ ಪಡಸಾಲೆಯ ಆ ತುದಿಯಿಂದ ಹರ್ಷದಾ ಬರೀ ತುಟಿಯಲ್ಲಿ ಕೇಳಿದಳು, ಆ ಹುಡುಗಿ ಯಾಕೆ ಅತ್ತಳೆಂದು. ರುತುಜಾಳೂ ಬರೀ ತುಟಿಯಲ್ಲೇ ಎಲ್ಲ ಹೇಳಿಬಿಟ್ಟಳು. ದನಿ ಹೊರಡದಿದ್ದುದರಿಂದ ಹೇಳಿದೆನೆಂದೇ ಅವಳಿಗೆ ಅನ್ನಿಸಲಿಲ್ಲ. ನಡುವೆ ಡಬ್ಬಿ ಬಿಚ್ಚಿ ಕೂತ ಮಕ್ಕಳೆಲ್ಲ ಮಗ್ಗದ ಓಣಿಯವರೇ ಎಂಬುದು ಆ ಜಾಣೆಗೆ ಹೊಳೆಯಲೂ ಇಲ್ಲ.

ಮರುದಿನ ಸಾಯಲಿ ಒಳಗೆ ಬಂದಾಗ ಮಕ್ಕಳು ಮೂಗು ಹಿಡಿದುಕೊಂಡರು. ಅವಳು ಕೂರುವ ಜಾಗದಲ್ಲಿ ಯಾರೋ ನೀರು ಚೆಲ್ಲಿದ್ದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಇನ್ನೊಬ್ಬಳಿಗೆ ಸದ್ದಿಲ್ಲದೆ ಅದೇ ಮಾತು ಹೇಳುತ್ತಿದ್ದಳು. ಆ ತುಟಿಗಳನ್ನು ಓದಿದ ರುತುಜಾಳಿಗೆ ಅದು ತನ್ನ ತುಟಿಯಿಂದಲೇ ಹೊರಟ ಮಾತೆಂದು ಹೊಳೆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಾಯಲಿ ಓಡಿ ಬಂದು ಅವಳನ್ನೇ ತಬ್ಬಿಕೊಂಡಳು. "ನಮ್ಮವ್ವನ ಹೇಳ್ಯಾಳ್ರಿ! ಆಕಿ ಕೂಡ ಮಾತ ಬಿಡ್ತೇನಿ. ನೀವೊಬ್ರ ನಮ್ಮವ್ರು."

ರುತುಜಾ ಅವಳ ಕಣ್ಣು ಒರೆಸಿದಳು, ಬಾಯಿ ಬಿಡಲಿಲ್ಲ. ಮುಂದಿನ ದಿನಗಳು ನಿದ್ದೆಗಣ್ಣಿನಲ್ಲಿ ಕಳೆದಂತೆ ಕಳೆದವು. ಮಗು ಮೊದಲಿಗಿಂತ ಹೆಚ್ಚು ಅಂಟಿಕೊಂಡಿತು. ಕನಸಿನಲ್ಲಿ ಕಂಡ ಪ್ರೀತಿಯೆಲ್ಲ ಕೈಗೆ ಬಂದಿತ್ತು, ಆದರೂ ನಿಜ ಹೇಳಿಬಿಡಲೇ ಎಂದು ಅವಳು ಹರ್ಷದಾಳನ್ನು ಕೇಳಿದಳು. "ಸುಮ್ನಿರ," ಎಂದಳು ಹರ್ಷದಾ. "ತರಬೇತಿ ಮುಗಿಯಾಕ ಬಂತು."

ಒಂದು ಮಧ್ಯಾಹ್ನ ಸಾಯಲಿಯ ತಾಯಿ ಗುರುಸಿದ್ದವ್ವ ಗೇಟಿಗೆ ಬಂದಳು. ಕೆಲಸ ಬಿಟ್ಟು ಹಾಗೇ ಬಂದಿದ್ದಳು, ತಲೆತುಂಬ ಹತ್ತಿಯ ದೂಳು.

"ನನ್ನ ಕೂಸ ನನ್ನ ಮಾರಿ ನೋಡವಲ್ದು ಬಾಯಾರ. ನಾ ಯಾರ ಮುಂದೂ ಹೇಳಿಲ್ರಿ. ನಿಮ್ಮ ಮಾತ ಭಾಳ ಕೇಳ್ತಾಳ, ಒಂದೀಟ ತಿಳಿಸಿ ಹೇಳ್ರಿ."

ಬೇರೆ ಯಾರದೋ ಹೆಸರು ಹೇಳಿ ಜಾರಿಕೊಳ್ಳಬಹುದಿತ್ತು. ಆ ಆಸೆ ರುತುಜಾಳಿಗೆ ಬಾರದೇ ಇರಲಿಲ್ಲ. ತಾಯಿಯನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋದಳು, ಸಾಯಲಿಯನ್ನು ಬೇವಿನ ಕಟ್ಟೆಗೆ ಕರೆತಂದು ಕೂರಿಸಿ ಕೈ ಹಿಡಿದುಕೊಂಡಳು.

"ನಿಮ್ಮವ್ವ ಹೇಳಿಲ್ಲ, ಸಾಯಲಿ. ನಾ ಹೇಳೇನಿ. ಹರ್ಷದಾ ಬಾಯಾರಿಗೆ. ತಪ್ಪ ನಂದು."

"ದೇವರಾಣಿ ಅಂದಿದ್ರಲ್ರಿ?"

"ಅಂದಿದ್ನಿ."

ಸಾಯಲಿ ಕೈ ಬಿಡಿಸಿಕೊಂಡು ಗೇಟಿನತ್ತ ಓಡಿದಳು.

ಶಾಲೆಯ ಮುಖ್ಯಸ್ಥೆ, ಹೆಡ್‌ಬಾಯಿ ಇಂದುಬಾಯಿಯವರಿಗೂ ರುತುಜಾ ತಾನೇ ಹೋಗಿ ಹೇಳಿದಳು. ಅವರು ಮಕ್ಕಳ ಬಾಯಿ ಮುಚ್ಚಿಸಿದರು, ಇವಳಿಗೂ ಸಮಾ ಉಗಿದರು. ತರಬೇತಿಯ ಕೊನೆಯ ದಿನ ಮಕ್ಕಳು ಹೂವು ಹಿಡಿದು ಅವಳನ್ನು ಮುತ್ತಿಕೊಂಡರು. ಸಾಯಲಿ ಬರಲಿಲ್ಲ. ಅವಳು ತಾಯಿಯ ಕೈ ಹಿಡಿದು ಏನೋ ವಟವಟ ಹೇಳುತ್ತ ಬಿಸಿಲಿನ ರಸ್ತೆಯಲ್ಲಿ ಹೊರಟಿದ್ದಳು. ಒಮ್ಮೆ ಕರೆದರೆ ತಿರುಗಿ ನೋಡಿಯಾಳೇನೋ ಎಂದು ರುತುಜಾಳ ಜೀವ ಹಂಬಲಿಸಿತು. ಅವಳು ಕರೆಯಲಿಲ್ಲ.